ಯಜಮಾನರಿಗೆ ತಪಾಸಣೆ ಇಲ್ಲ

ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಬೇಕಿತ್ತು. ಬಡಿದದ್ದು ಬಿಸಿ ಗಾಳಿ.

ಕೋಲ್ಡ್ ರೂಮಿನ ಉಸ್ತುವಾರಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೈಮೇಲೆ ಉಣ್ಣೆಯ ಕೋಟು, ಹಣೆಯಲ್ಲಿ ಬೆವರು. ಒಳಗೆ ಕಪಾಟುಗಳ ತುಂಬ ಮಕ್ಕಳ ಲಸಿಕೆ. ಕಂಪನಿಗೆ ಎರಡು ದಿನ ರಜೆಯಿತ್ತು. ಆ ಹೊತ್ತಿನಲ್ಲಿ ತಂಪು ನಿಂತಿತ್ತು, ಮಂಜು ಕರಗಿಸುವ ಹೀಟರ್ ಬಿಡದೆ ಉರಿದಿತ್ತು. ಬಡಿದುಕೊಳ್ಳಬೇಕಾಗಿದ್ದ ಅಲಾರಂ ತೆಪ್ಪಗಿತ್ತು. ಅವಳು ಒಂದು ಸೀಸೆ ಕೈಗೆತ್ತಿಕೊಂಡಳು. ಬೆಚ್ಚಗಿತ್ತು.

"ಅಯ್ಯೋ, ಮಕ್ಕಳದ್ದು ಕಣ್ರೀ ಇದು," ಎಂದಳು. ಹಿಂದೆ ಯಾರೂ ಇರಲಿಲ್ಲ.

ಮಧ್ಯಾಹ್ನದೊಳಗೆ ಅವಳೇ ಅಪರಾಧಿಯಾಗಿದ್ದಳು. ರಜೆಯ ಹಿಂದಿನ ಸಂಜೆ ತಂಪು ನಿಲ್ಲಿಸಿದ್ದು, ಅಲಾರಂ ಅಡಗಿಸಿದ್ದು ಅವಳದೇ ಖಾತೆಯಿಂದ ಎಂದು ಕಂಪ್ಯೂಟರ್ ಹೇಳುತ್ತಿತ್ತು.

* * *

ಇನ್ಸ್‌ಪೆಕ್ಟರಮ್ಮ ಬಂದಾಗ ಗೇಟಿನ ಕಾವಲುಗಾರ ಕೆಲಸಗಾರರ ಊಟದ ಡಬ್ಬಿಗಳ ಮುಚ್ಚಳ ತೆಗೆಸಿ ನೋಡುತ್ತಿದ್ದ. ಅವಳ ಚೀಲವನ್ನೂ ಕೇಳಿದ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಯಮ."

"ಬೇಜಾರೇನು? ನೋಡಪ್ಪ."

ಅಷ್ಟರಲ್ಲಿ ಕಪ್ಪು ಕಾರೊಂದು ಹಾರ್ನ್ ಹೊಡೆಯಿತು. ಕಾವಲುಗಾರ ಚೀಲ ಬಿಟ್ಟು ಓಡಿ ಅಡ್ಡಗಂಬ ಎತ್ತಿದ, ಸಲಾಮು ಹೊಡೆದ. ಕಾರು ನಿಲ್ಲದೆ ಒಳಗೆ ಹೋಯಿತು.

"ಅದನ್ನ ಯಾಕೆ ನೋಡ್ಲಿಲ್ಲ?"

"ಅಳಿಯಂದ್ರ ಕಾರು ಮೇಡಂ. ಖರೀದಿ ವಿಭಾಗ ಅವರದ್ದೇ. ಯಜಮಾನರ ಮನೆಯವರಿಗೆ ತಪಾಸಣೆ ಇಲ್ಲ."

ಅನ್ನದ ಡಬ್ಬಿ ಕೆದಕಿ ನೋಡುವವರು ಕಾರಿನ ಡಿಕ್ಕಿಗೆ ಸಲಾಮು ಹೊಡೆಯುತ್ತಾರೆ! ಇನ್ಸ್‌ಪೆಕ್ಟರಮ್ಮನಿಗೆ ಒಳಗೆ ಕಾಲಿಡುವ ಮುಂಚೆಯೇ ಮೈ ಉರಿಯಿತು.

* * *

ಯಜಮಾನರ ಕೋಣೆಯಲ್ಲಿ ಹೊಸ ಪ್ರಶಸ್ತಿ ಫಲಕ ಮಿರಮಿರ ಮಿಂಚುತ್ತಿತ್ತು. ‘ನಂಬಿಕೆಯೇ ಬಂಡವಾಳ.’ ರಜೆಯ ಹಿಂದಿನ ಸಂಜೆ, ಸಭಿಕರ ಎದುರು, ಅದೇ ವಿಷಯದ ಮೇಲೆ ಭಾಷಣ ಬಿಗಿದು ಪಡೆದದ್ದು.

"ಅವಳನ್ನ ಕರ್ಕೊಂಡು ಹೋಗಿಬಿಡಿ," ಎಂದರು ಯಜಮಾನರು. "ಸಂಜೆ ಪತ್ರಿಕೆಯವರು ಬರ್ತಾರೆ. ಅಷ್ಟರೊಳಗೆ ಇದು ಮುಗೀಬೇಕು."

"ಅವಳಿಗೇನು ಲಾಭ?"

"ಸೇಡು. ಹೋದ ತಿಂಗಳು ತುಂಬಿದ ಸಭೇಲಿ ನನಗೇ ಎದುರು ಮಾತಾಡಿದ್ಲು. ಬೈದು ಕೂರಿಸಿದ್ದೆ."

"ಏನಂದ್ಲು?"

"ನನ್ನ ಖಾತೆಗೂ ಫೋನಿಗೆ ಬರೋ ಕೋಡ್ ಇರಬೇಕಂತೆ! ನಾನು ಕಟ್ಟಿದ ಕಂಪನೀಲಿ ನಾನು ಯಾರು ಅಂತ ನಾನೇ ರುಜುವಾತು ಮಾಡ್ಬೇಕಂತೆ!"

ಪಕ್ಕದಲ್ಲಿದ್ದ ಅಳಿಯ ಸಣ್ಣಗೆ ನಕ್ಕ. "ಮಾವ, ಕೆಟ್ಟ ಮಾಲು ಇಟ್ಕೊಂಡು ಕೂರೋದು ಬೇಡ. ಸುಡೋರಿಗೆ ಹೇಳಿದೀನಿ. ತಗೊಂಡು ಹೋಗೋಕೆ ಗಾಡಿ ಹೊರಟಿದೆ."

"ಅದು ಸಾಕ್ಷಿ," ಎಂದಳು ಇನ್ಸ್‌ಪೆಕ್ಟರಮ್ಮ.

"ಕೆಟ್ಟ ಲಸಿಕೆ ಯಾರ ಕೈಗಾದರೂ ಸಿಕ್ಕಿದರೆ? ಮಕ್ಕಳ ಜೀವ ಮೇಡಂ."

"ನಾನು ಹೇಳೋ ತನಕ ಒಂದು ಸೀಸೆಯೂ ಕದಲಬಾರದು."

* * *

ಉಸ್ತುವಾರಿಯನ್ನು ಊಟದ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲಲ್ಲಿ ಇನ್ಸ್‌ಪೆಕ್ಟರಮ್ಮನ ಪೇದೆ ಇದ್ದ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಉಸ್ತುವಾರಿಯ ಅಮ್ಮ ಆಗಲೇ ಸುದ್ದಿ ಕೇಳಿ ಓಡಿಬಂದು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಳು.

"ರಜೆಯ ಹಿಂದಿನ ಸಂಜೆ ಎಲ್ಲಿದ್ದೆ?" ಎಂದಳು ಇನ್ಸ್‌ಪೆಕ್ಟರಮ್ಮ.

"ಮನೇಲಿ. ಅಮ್ಮನ್ನ ಕೇಳಿ. ಆದರೆ ಹೆತ್ತಮ್ಮನ ಮಾತನ್ನ ಯಾರು ನಂಬ್ತಾರೆ ಮೇಡಂ?"

"ಬೆಳಿಗ್ಗೆ ಏನಾದರೂ ವ್ಯತ್ಯಾಸ ಕಂಡಿತ್ತಾ?"

"ನನ್ನ ಪಾಸ್‌ವರ್ಡ್ ಹಿಡೀಲಿಲ್ಲ. ಯಾರೋ ಬದಲಾಯಿಸಿದ್ರು. ಹೇಳಿದ್ದಕ್ಕೆ ನಾಟಕ ಆಡ್ತೀಯಾ ಅಂದ್ರು." ಅವಳು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಜೈಲಿಗೆ ಹೋದರೂ ಹೋಗ್ತೀನಿ ಮೇಡಂ. ಮಕ್ಕಳ ಔಷಧಿ ಕೆಡಿಸಿದವಳು ಅನ್ನೋ ಹೆಸರು ಮಾತ್ರ ಬೇಡ."

ಇನ್ಸ್‌ಪೆಕ್ಟರಮ್ಮ ನೇರ ಕಂಪ್ಯೂಟರ್ ವಿಭಾಗಕ್ಕೆ ನಡೆದಳು.

ಅಲ್ಲಿನ ಮುಖ್ಯಸ್ಥನಿಗೆ ಕಂಪನಿಯಲ್ಲಿ ಕೋಡಪ್ಪ ಎಂದೇ ಹೆಸರು. ಎಲ್ಲದಕ್ಕೂ ಕೋಡ್ ಕೇಳುತ್ತಾನೆಂದು ಇಟ್ಟ ಅಡ್ಡಹೆಸರು.

"ಒಬ್ಬರ ಪಾಸ್‌ವರ್ಡ್ ಯಾರು ಬದಲಾಯಿಸಬಹುದು?"

"ಎರಡೇ ಖಾತೆಯಿಂದ ಸಾಧ್ಯ ಮೇಡಂ. ಕೋಡ್ ಬರೋ ಫೋನ್ ನಂಬರನ್ನೂ ಅಲ್ಲಿಂದಲೇ ಬದಲಾಯಿಸಬಹುದು. ಒಂದು ಖಾತೆ ನನ್ನದು."

"ಹಾಗಾದರೆ ನೀವೇ ಮಾಡಿರಬಹುದು."

ಕೋಡಪ್ಪ ಪರದೆಯನ್ನು ಅವಳ ಕಡೆ ತಿರುಗಿಸಿದ. "ನಾನು ಒಳಗೆ ಹೋದರೆ ಪ್ರತಿ ಸಲ ಜಾಡು ಉಳಿಯುತ್ತೆ. ನೋಡಿ, ಆವತ್ತು ಸಂಜೆ ಇಲ್ಲ."

"ಇನ್ನೊಂದು ಖಾತೆ?"

"ಯಜಮಾನರದ್ದು. ಅದರ ಜಾಡು ಇಡಬಾರದು ಅಂತ ಅವರದೇ ಆಜ್ಞೆ. ಕೋಡ್ ಕೂಡ ತೆಗೆಸಿದ್ರು. ಅತಿಥಿಗಳ ಮುಂದೆ ಫೋನ್ ತಡಕಾಡಿದರೆ ಅವಮಾನ ಅಂತೆ. ಪಾಸ್‌ವರ್ಡ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನುಗ್ಗಬಹುದು."

"ನೀವು ಸುಮ್ಮನಿದ್ರಾ?"

"ಜೀರೋ ಟ್ರಸ್ಟ್ ತರೋಣ ಅಂತ ಕಾಲು ಹಿಡಿಯೋದೊಂದು ಬಾಕಿ! ಮುಖ ನೋಡಿ ಯಾರನ್ನೂ ಒಳಗೆ ಬಿಡಬಾರದು, ಪ್ರತಿ ಸಲ ಪ್ರತಿಯೊಬ್ಬರನ್ನೂ ಪರೀಕ್ಷಿಸಬೇಕು, ಅದು ಮೇಲಿನಿಂದಲೇ ಶುರುವಾಗಬೇಕು ಅಂದೆ. ಅದು ನಿನ್ನ ವಿಭಾಗದ ತಲೆನೋವು, ನನ್ನ ಹತ್ತಿರ ತರಬೇಡ ಅಂದ್ರು. ಕೆಳಗಿನವರಿಗೆಲ್ಲ ಬೀಗ ಹಾಕಿಸಿದ್ರು. ದೊಡ್ಡ ಬಾಗಿಲು ಹಾಗೇ ಹಾರು ಹೊಡೆದಿತ್ತು."

ಆದರೆ ಯಜಮಾನರು ಆ ಸಂಜೆ ವೇದಿಕೆಯ ಮೇಲಿದ್ದರು. ಇಡೀ ಸಭಾಂಗಣವೇ ಸಾಕ್ಷಿ.

* * *

ಕೋಲ್ಡ್ ರೂಮಿಗೆ ಇನ್ಸ್‌ಪೆಕ್ಟರಮ್ಮ ಉಸ್ತುವಾರಿಯನ್ನೇ ಕರೆದುಕೊಂಡು ಹೋದಳು. ಮೀಸೆ ಹಿಂದೆ ಬಂದ. ಪ್ರತಿ ಸೀಸೆಯ ಚೀಟಿಯ ಮೇಲೂ ಒಂದು ಪುಟ್ಟ ಚೌಕ.

"ಇದೇನು?"

"ಶಾಖದ ಗುರುತು. ಲಸಿಕೆ ಚೆನ್ನಾಗಿದ್ದರೆ ಚೌಕ ಬಿಳಿ. ಶಾಖ ತಾಗಿದರೆ ಕಪ್ಪಾಗುತ್ತೆ."

ಮುಂದಿನ ಸಾಲಿನ ಚೌಕಗಳೆಲ್ಲ ಕಪ್ಪಾಗಿದ್ದವು. ಇನ್ಸ್‌ಪೆಕ್ಟರಮ್ಮ ಪೆಟ್ಟಿಗೆಗಳನ್ನು ಸರಿಸುತ್ತ ಗೋಡೆಯ ತನಕ ಹೋದಳು. ಹಿಂದಿನ ಸಾಲಿನ ಸೀಸೆ ತೆಗೆದು ಬೆಳಕಿಗೆ ಹಿಡಿದಳು. ಚೌಕ ಹಾಲಿನಷ್ಟು ಬೆಳ್ಳಗಿತ್ತು.

"ಅದೇ ಕೋಣೆ, ಅದೇ ಬಿಸಿ. ಇದು ಯಾಕೆ ಕೆಡಲಿಲ್ಲ?" ಎಂದ ಮೀಸೆ.

ಉಸ್ತುವಾರಿ ಸೀಸೆ ಕಸಿದುಕೊಂಡು ನೋಡಿದಳು. ಚೌಕವನ್ನು ಉಗುರಿನಿಂದ ಕೆರೆದಳು. "ಇದು ಬರೀ ಅಚ್ಚು ಹಾಕಿದ ಚೌಕ ಮೇಡಂ. ಇದು ನಮ್ಮ ಲಸಿಕೆಯೇ ಅಲ್ಲ."

ಮಾಲನ್ನು ಸುಡಲು ಒಯ್ಯುವ ಗಾಡಿ ಯಾಕೆ ಅಷ್ಟು ಅವಸರದಲ್ಲಿ ಹೊರಟಿತ್ತೆಂದು ಇನ್ಸ್‌ಪೆಕ್ಟರಮ್ಮನಿಗೆ ತಿಳಿಯಿತು.

* * *

ಎಲ್ಲರನ್ನೂ ಯಜಮಾನರ ಕೋಣೆಗೆ ಕರೆಸಿದಳು.

"ಯಜಮಾನರೇ, ಒಂದು ಸಣ್ಣ ಕೆಲಸ. ನಿಮ್ಮ ಖಾತೆ ತೆರೆದು ತೋರಿಸಿ."

"ಅದಕ್ಕೇನಂತೆ!" ಯಜಮಾನರು ಕಂಪ್ಯೂಟರ್ ಮುಂದೆ ಕೂತರು. ಕೀಲಿಮಣೆ ನೋಡಿದರು. ಏನೋ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು. ಬೆರಳು ಗಾಳಿಯಲ್ಲಿ ನಿಂತಿತು. ಆಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು.

"ಅಳಿಯಂದ್ರೇ, ಸ್ವಲ್ಪ ಇದನ್ನ..."

ಅಳಿಯ ಕದಲಲಿಲ್ಲ.

"ಯಾವಾಗಲೂ ಇವರೇನಾ ತೆಗೆದುಕೊಡೋದು?"

"ಹೌದು. ಈ ಟಕಟಕ ನನಗೆ ಆಗಿಬರಲ್ಲ. ಇವರು ಓದಿ ಹೇಳ್ತಾರೆ, ನಾನು ಹೂಂ ಅಂತೀನಿ."

"ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು?"

ಯಜಮಾನರು ನಿಧಾನವಾಗಿ ಮತ್ತೆ ಅಳಿಯನ ಕಡೆ ತಿರುಗಿದರು.

ಇನ್ಸ್‌ಪೆಕ್ಟರಮ್ಮ ಬಿಳಿ ಚೌಕದ ಸೀಸೆಯನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಅಳಿಯ ಒಳ್ಳೇ ಲಸಿಕೆ ಕದ್ದು ಹೊರಗೆ ಮಾರಿದ್ದಾರೆ. ಕಾರಿನ ಡಿಕ್ಕೀಲಿ ಸಾಗಿಸಿದ್ದಾರೆ. ಖಾಲಿ ಜಾಗಕ್ಕೆ ಇಂಥ ಸುಳ್ಳು ಸೀಸೆ. ಇನ್ನೇನು ಆ ಸಾಲು ಹೊರಡಬೇಕು, ಸಾಲಿಗೆ ಸಾಲೇ ಹೊರಟರೆ ಯಾರ ಕಣ್ಣಿಗಾದರೂ ಬಿದ್ದು ಗುಟ್ಟು ರಟ್ಟಾಗುತ್ತೆ. ಅದಕ್ಕೆ ಎಲ್ಲಾ ಮಾಲೂ ಒಟ್ಟಿಗೆ ಕೆಡಬೇಕು. ಕೆಟ್ಟದ್ದನ್ನ ಯಾರೂ ಬಿಚ್ಚಿ ನೋಡಲ್ಲ, ನೇರ ಬೆಂಕಿಗೆ. ನೀವು ಭಾಷಣ ಮಾಡ್ತಿದ್ದಾಗ ನಿಮ್ಮ ಖಾತೆಯಿಂದ ಈ ಹುಡುಗಿ ಪಾಸ್‌ವರ್ಡ್ ಬದಲಾಯಿಸಿ, ಅವಳ ಹೆಸರಲ್ಲಿ ತಂಪು ನಿಲ್ಲಿಸಿದ್ರು. ಬೈಸಿಕೊಂಡವಳಲ್ವಾ, ಎಲ್ಲರೂ ನಂಬ್ತಾರೆ. ಶಾಖಕ್ಕೆ ಅಸಲಿ ಲಸಿಕೆ ಕಪ್ಪಾಯ್ತು. ನಕಲಿ ಬೆಳ್ಳಗೇ ಉಳಿದು ಇವರನ್ನ ಹಿಡಿದುಕೊಡ್ತು."

ಅಳಿಯ ಬಾಗಿಲ ಕಡೆ ಹೆಜ್ಜೆ ಇಟ್ಟ. ಮೀಸೆ ಅಡ್ಡ ನಿಂತಿದ್ದ.

"ಇದರಲ್ಲಿ ಎಷ್ಟು ಸೀಸೆ ಆಗಲೇ ಹೊರಗೆ ಹೋಗಿದೆ? ಎಷ್ಟು ಮಕ್ಕಳಿಗೆ ಬರೀ ನೀರು ಚುಚ್ಚಿದ್ದಾರೆ?"

ಮೀಸೆ ಅಳಿಯನ ತೋಳು ಹಿಡಿದುಕೊಂಡ.

"ಮಗನ ಹಾಗೆ ನಂಬಿದ್ದೆ," ಎಂದು ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. "ನಂಬಿದ್ದೇ ತಪ್ಪಾಯ್ತು."

"ನಂಬಿಕೆ ಅನ್ನಬೇಡಿ!" ಇನ್ಸ್‌ಪೆಕ್ಟರಮ್ಮನ ದನಿ ಕೋಣೆಯನ್ನೇ ನಡುಗಿಸಿತು. "ನಂಬೋರು ಊಟದ ಡಬ್ಬಿ ಬಿಚ್ಚಿಸ್ತಾರಾ? ದುಡಿಯೋರೆಲ್ಲ ನಿಮಗೆ ಕಳ್ಳರು, ಮನೆಯವರೆಲ್ಲ ಸಾಚಾ. ಇದು ನಂಬಿಕೆ ಅಲ್ಲ, ಕೊಬ್ಬು. ಎಚ್ಚರಿಸಿದ ಹುಡುಗಿ ಕೈಗೆ ಕೋಳ ಹಾಕಿಸೋಕೆ ಹೊರಟಿದ್ರಿ. ಕಳ್ಳ ಇವರು, ಸರಿ. ಬಾಗಿಲು ತೆರೆದಿಟ್ಟೋರು ಯಾರು?"

ಯಜಮಾನರು ಉಸ್ತುವಾರಿಯತ್ತ ನೋಡಿದರು. "ನಾಳೆಯಿಂದ ಕೆಲಸಕ್ಕೆ ಬಾಮ್ಮ," ಎಂದರು ಮೆಲ್ಲಗೆ.

"ಬರ್ತೀನಿ ಸಾರ್. ಗೇಟಲ್ಲಿ ನನ್ನ ಚೀಲ ನೋಡಲಿ, ನಿಮ್ಮ ಕಾರೂ ನೋಡಲಿ. ನನ್ನ ಖಾತೆಗೆ ಕೋಡ್ ಕೇಳಲಿ, ನಿಮ್ಮದಕ್ಕೂ ಕೇಳಲಿ. ಇಲ್ಲಾಂದ್ರೆ ನಾನು ಬರಲ್ಲ."

* * *

ಅಳಿಯನನ್ನು ಜೀಪು ಹತ್ತಿಸಿದರು. ಗೇಟಿನಾಚೆ ಅಮ್ಮ ಮಗಳನ್ನು ಕಂಡವಳೇ ಓಡಿಬಂದು ಅಪ್ಪಿಕೊಂಡಳು. ಮಗಳು ಆಗ ಅತ್ತಳು, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ.

ಹಿಂದೆಯೇ ಯಜಮಾನರ ಕಾರು ಬಂತು. ಹಾರ್ನ್ ಹೊಡೆಯಿತು. ಕಾವಲುಗಾರನ ಕೈ ಸಲಾಮಿಗೆ ಮೇಲೆದ್ದಿತು. ಅವನು ಉಸ್ತುವಾರಿಯನ್ನು ನೋಡಿದ, ಇನ್ಸ್‌ಪೆಕ್ಟರಮ್ಮನನ್ನು ನೋಡಿದ. ಎದ್ದ ಕೈಯನ್ನು ಹಾಗೇ ಮುಂದೆ ಚಾಚಿ ಕಾರು ನಿಲ್ಲಿಸಿದ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದ. "ಡಿಕ್ಕಿ ತೆಗೀರಿ."