ಜಾರಿದ ಜಾಲರಿ

ಹುಡುಗಿ ಹಿಡಿಸಿಲ್ಲ ಎಂದು ಕೊಟ್ರೇಶ ಹೇಳಿ ಕಳಿಸಿದ್ದ. ನಿಶ್ಚಿತಾರ್ಥವಾಗಿ ಎಷ್ಟೋ ತಿಂಗಳಾದ ಮೇಲೆ, ಅದೂ ತನ್ನ ಸೋದರಮಾವ ನಾಗಪ್ಪನ ಬಾಯಿಂದ.

ಮಕ್ತಲ್‌ನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದ ಶಿವರಂಜನಿ ಅಳಲಿಲ್ಲ. ಶಟರ್ ಎಳೆದು ಕೊಟ್ರೇಶನ ಊರಾದ ನಾರಾಯಣಪೇಟೆಯ ಬಸ್ ಹತ್ತಿದಳು. ಕಿಟಕಿಯ ಗಾಳಿಗೂ ಅವಳ ಮುಖದ ಬಿಸಿ ಇಳಿಯಲಿಲ್ಲ.

ನಿಶ್ಚಿತಾರ್ಥವಾದ ಮೇಲೆ ಚಳಿಗಾಲದಲ್ಲಿ ಕೊಟ್ರೇಶ ನೂಲಿಗೆ ಬಣ್ಣ ಹಾಕುವ ತನ್ನ ಶೆಡ್ಡಿನಲ್ಲಿ, ಯಾರೋ ಬಾಟಲಿಗೆ ತುಂಬಿಟ್ಟಿದ್ದ ಕಾಸ್ಟಿಕ್ ಸೋಡಾ ದ್ರಾವಣವನ್ನು ನೀರೆಂದು ಕುಡಿದಿದ್ದ. ಸುಟ್ಟ ಅನ್ನನಾಳ ಮಾಯುತ್ತ ಮಾಯುತ್ತ ಕಿರಿದಾಯಿತು. ಅದು ಮುಚ್ಚಿಹೋಗದಿರಲೆಂದು ಹೈದರಾಬಾದಿನ ಡಾಕ್ಟರು ಒಳಗೊಂದು ಜಾಲರಿ ಕೊಳವೆ, ಸ್ಟೆಂಟ್, ಕೂರಿಸಿದ್ದರು. ಈ ಸಂಬಂಧ ಬೇಡವೆಂದು ಮನೆಯವರು ಹೇಳಿದಾಗ ಶಿವರಂಜನಿಯೇ ಹಟ ಹಿಡಿದಿದ್ದಳು. ವಾರ್ಡಿನಲ್ಲಿ ಅವಳು ಗಂಜಿ ಕುಡಿಸುವಾಗ ಅವನು ಅವಳನ್ನೇ ನೋಡುತ್ತಿದ್ದ. ಚಮಚ ನೋಡಿರೆಂದು ಗದರಿದರೆ ಇನ್ನಷ್ಟು ನೋಡುತ್ತಿದ್ದ.

ಆ ಕಣ್ಣಿಗೆ ತಾನು ಹಿಡಿಸಿಲ್ಲವೇ?

ಮನೆಯ ಬಾಗಿಲಲ್ಲಿ ಅವನ ತಾಯಿ ವೀರಬಸಮ್ಮ ತಲೆ ತಗ್ಗಿಸಿ ಹಿತ್ತಲಿನ ಶೆಡ್ಡಿನ ಕಡೆ ಕೈ ತೋರಿಸಿದಳು. ಒಣಗಲು ಹಾಕಿದ್ದ ಕೆಂಪು ನೂಲಿನ ಮರೆಯಲ್ಲಿ ಅವನಿದ್ದ. ಅಂಗಿ ಹೆಗಲಿಂದ ಜೋತಿತ್ತು.

"ಹಿಡಿಸಿಲ್ಲ ಅನ್ನೋದು ನನ್ನ ಮುಖ ನೋಡಿ ಹೇಳ್ರಿ."

ಅವನು ನೋಡಿದ. ಪಕ್ಕಕ್ಕೆ ತಿರುಗಿ ಬಟ್ಟಲಿಗೆ ಉಗುಳಿದ. ತನ್ನ ಎಂಜಲನ್ನೂ ಅವನಿಂದ ನುಂಗಲಾಗುತ್ತಿಲ್ಲವೆಂದು ಅವಳಿಗೆ ಆಗ ಹೊಳೆಯಿತು.

ಅವಳು ಬಿಡದೆ ಕೇಳಿದಾಗ ಒಂದೊಂದಾಗಿ ಹೇಳಿದ. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಗಂಜಿ, ಈಗ ನೀರೂ ವಾಪಸು ಬರುತ್ತದೆ. ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ. ತಾಯಿಗೆ ಗ್ಯಾಸ್ಟ್ರಿಕ್ ಎಂದಿದ್ದ. ಇನ್ನು ಇದು ವಾಸಿಯಾಗದು, ತನ್ನ ಜತೆ ಅವಳ ಬಾಳೂ ಹಾಳಾಗುವುದು ಬೇಡ ಎಂದು ಒಬ್ಬನೇ ತೀರ್ಮಾನಿಸಿಬಿಟ್ಟಿದ್ದ.

"ನನ್ನ ಬಾಳೇವು ನೀ ಯಾಕ ತೀರ್ಮಾನ ಮಾಡ್ತಿ? ನನ್ನ ಒಂದು ಮಾತು ಕೇಳಿದಿ ಏನು? ಕೊಳವಿ ಕೆಟ್ಟರ ಡಾಕ್ಟರ್ ಹಂತ್ಯಾಕ ಹೋಗಬೇಕು. ಮದುವಿ ಮುರಿಯಾಕ ಹೋಗ್ತಾರೇನು?"

ಯಾವಾಗಲೂ 'ನೀವು' ಎನ್ನುತ್ತಿದ್ದವಳ ಬಾಯಲ್ಲಿ 'ನೀ' ಬಂದಿತ್ತು. ಅವನ ಒಣಗಿದ ತುಟಿಯಂಚಿನಲ್ಲಿ ನಗು ಸುಳಿಯಿತು.

"ನಗಬ್ಯಾಡ," ಎಂದಳು. "ನನಗ ಮೈಯೆಲ್ಲ ಉರೀತೈತಿ."

ಅಂದೇ ಕಾರು ಮಾಡಿಕೊಂಡು ಹೈದರಾಬಾದಿಗೆ ಹೊರಟರು. ಮುಂದಿನ ಸೀಟಿನಲ್ಲಿ ವೀರಬಸಮ್ಮ ಶಿವಸ್ಮರಣೆ ಮಾಡುತ್ತಿದ್ದಳು. ಅವನ ತಲೆ ವಾಲಿ ಶಿವರಂಜನಿಯ ಹೆಗಲಿಗೆ ಬಿತ್ತು. ಅವಳು ಸರಿಸಲಿಲ್ಲ, ತಾನೂ ಸರಿಯಲಿಲ್ಲ.

ಸ್ಟೆಂಟ್ ಜಾರಿ ಹೊಟ್ಟೆಯೊಳಗೆ ಬಿದ್ದಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಒಮ್ಮೊಮ್ಮೆ ಹೀಗೆ ಜಾರುತ್ತದೆ, ಇನ್ನೂ ತಡವಾಗಿದ್ದರೆ ಕರುಳಿಗಿಳಿದು ತೂತು ಮಾಡಬಹುದಿತ್ತು ಎಂದರು ಡಾಕ್ಟರು. ಹಾಗಿದ್ದರೆ ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಶಿವರಂಜನಿ ಅವರ ಮೇಲೂ ಹರಿಹಾಯ್ದಳು. ಕಾಗದದಲ್ಲಿ ಬರೆದು ಕೊಟ್ಟಿದ್ದೆವಲ್ಲ ಎಂದರವರು. ಇಂಗ್ಲಿಷಿನಲ್ಲಿ ಬರೆದರೆ ಹೇಳಿದಂತಾಯಿತೇ ಎಂದಳು. ಡಾಕ್ಟರು ತಪ್ಪಾಯಿತೆಂದು ಒಪ್ಪಿಕೊಂಡರು.

ಎಂಡೋಸ್ಕೋಪಿಯಲ್ಲಿ ಹಳೆಯದನ್ನು ಬಾಯಿಂದಲೇ ಹೊರತೆಗೆದು, ಹೊಸದನ್ನು ಕೂರಿಸಿ, ಜಾರದಂತೆ ಕ್ಲಿಪ್ ಹಾಕಿದರು.

ಎಚ್ಚರವಾದಾಗ ಕೊಟ್ರೇಶನ ದನಿ ಪಿಸುಮಾತಿನಷ್ಟಿತ್ತು. ಅವಳು ಬಗ್ಗಿ ಕಿವಿಗೊಡಬೇಕಾಯಿತು.

"ನೀ ಅಂದ್ರ ನನಗ ಜೀವ, ರಂಜನಿ. ಭಾಳ ಹೆದರಿದ್ದೆ."

"ಇನ್ನ ಮ್ಯಾಲೆ ಹೆದರಿಕಿ ಆದ್ರ ಮೊದಲು ನನಗ ಹೇಳಬೇಕು."

ಅವನು ತಲೆಯಾಡಿಸಿದ. ಅವಳ ಕಣ್ಣು ತುಂಬಿತ್ತು, ಹುಬ್ಬು ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು.

"ಇಳೀದಿದ್ರೂ ಇಲ್ಲೇ ಇರು."

ಅವಳು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.