ಪೂರ್ವ ಪ್ಲಿಮತ್ತಿನ ಓಟು

ಲೆನ್‌ನ ಕೋಟಿನ ಮೇಲೆ ಪಕ್ಷದ ಕೆಂಪು ಬಿಲ್ಲೆ ಇರಲಿಲ್ಲ. ಟಮ್ಸಿನ್‌ಗೆ ಅದು ಗಮನಕ್ಕೆ ಬಂದಿದ್ದು ಮಧ್ಯಾಹ್ನದ ಹೊತ್ತಿಗೆ. ಬೆಳಗ್ಗೆಯಿಂದ ಮುಖ ಊದಿಸಿಕೊಂಡು ಕೂತವಳಿಗೆ ಅವನ ಕೋಟು ನೋಡುವ ವ್ಯವಧಾನವೆಲ್ಲಿತ್ತು?

ಟಾರ್ಪಾಯಿಂಟ್‌ನ ಮತಗಟ್ಟೆಯ ಬಾಗಿಲಲ್ಲಿ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಓಟು ಹಾಕಿದವರ ಮತದಾರ ಪಟ್ಟಿಯ ನಂಬರ್ ಕೇಳಿ ತಮ್ಮ ತಮ್ಮ ಪಕ್ಷಕ್ಕೆ ಬರೆದುಕೊಳ್ಳಬೇಕು. ಅವಳು ಹಳದಿ ಪಕ್ಷಕ್ಕೆ, ಅವನು ಕೆಂಪು ಪಕ್ಷಕ್ಕೆ. ಎಂಬತ್ತನಾಲ್ಕರಲ್ಲೂ ಹೀಗೇ ಕೂತಿದ್ದರು, ಎಂಬತ್ತೊಂಬತ್ತರಲ್ಲೂ. ಯುರೋಪಿನ ಸಂಸತ್ತಿನ ಚುನಾವಣೆ ಬರುವುದು ಐದು ವರ್ಷಕ್ಕೊಮ್ಮೆ, ಲೆನ್ ಪ್ಲಿಮತ್ತಿನಿಂದ ನದಿ ದಾಟಿ ಬರುವುದೂ ಅಷ್ಟೇ. ಬಂದವನು ಓರೆಗಣ್ಣಲ್ಲಿ ನೋಡುತ್ತಾನೆ. ಅವಳು ತಿರುಗಿದರೆ ಕಿವಿ ಕೆಂಪಾಗಿಸಿಕೊಂಡು, "ಈ ಸಲ ಮತದಾನ ಕಮ್ಮಿ," ಎನ್ನುತ್ತಾನೆ. ಇನ್ನೈದು ವರ್ಷ ಈ ಮಾತಿಗೆ ಕಾಯಲು ಅವಳಿಂದಾಗದು.

"ಬಿಲ್ಲೆ ಎಲ್ಲಿ?"

"ಕೊಟ್ಟಿಲ್ಲ. ಈ ಸಲ ಕ್ಷೇತ್ರ ಒಡೆದ್ರಲ್ಲ? ಪಶ್ಚಿಮ ಪ್ಲಿಮತ್ತು ನಿಮ್ಮ ಕಾರ್ನ್‌ವಾಲ್ ಜೊತೆ ಉಳೀತು. ನಮ್ಮ ಬೀದಿ ಪೂರ್ವಕ್ಕೆ, ಡೆವನ್ ಪಾಲಿಗೆ ಹೋಯ್ತು. ಇಲ್ಲಿ ಕೂರೋ ಕೆಲಸ ಈಗ ನಂದಲ್ಲ."

"ಮತ್ತೆ ಇಲ್ಲಿಗೆ ಯಾರು ಕಳಿಸಿದ್ರು?"

"ಯಾರೂ ಇಲ್ಲ."

"ಬೆಳಗ್ಗೆಯಿಂದ ನಂಬರ್ ಗೀಚ್ತಿದ್ದೀಯಲ್ಲ, ಯಾರಿಗದು?"

ಲೆನ್ ಪಟ್ಟಿಯನ್ನು ಮಡಚಿದ. "ಪಕ್ಕದಲ್ಲಿ ಕೂರೋಕೆ ಏನಾದ್ರೂ ನೆಪ ಬೇಕಲ್ಲ."

ಟಮ್ಸಿನ್‌ಗೆ ಖುಷಿಯಾಯಿತು, ಅದಕ್ಕಿಂತ ಹೆಚ್ಚು ಮೈಯೆಲ್ಲ ಉರಿಯಿತು. "ನಿನ್ನ ಓಟು ಹಾಕಿ ಬಂದ್ಯಾ?"

"ಇಲ್ಲ. ಎದ್ದವನು ಸೀದಾ ಫೆರ್ರಿ ಹತ್ತಿಬಿಟ್ಟೆ."

"ಊರಿಗೆಲ್ಲ ಓಟು ಹಾಕಿ ಅಂತ ಬುದ್ಧಿ ಹೇಳೋನು! ಏಳು ಮೇಲೆ!"

ಆಚೆ ಕುರ್ಚಿಯಲ್ಲಿ ನೀಲಿ ಪಕ್ಷದ ಪಾಸ್ಕೋ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದಳು. ಟಮ್ಸಿನ್ ತನ್ನ ಪಟ್ಟಿಯನ್ನು ಅವಳ ಮಡಿಲಿಗೆ ಹಾಕಿದಳು. "ಅಜ್ಜಿ, ನಮ್ಮ ಪಟ್ಟಿಗೂ ನಂಬರ್ ಬರೀತಿರಿ."

"ಬರೀತೀನಿ ಹೋಗು. ಹತ್ತು ವರ್ಷದಿಂದ ನೋಡಿ ನೋಡಿ ನಂಗೇ ಸಾಕಾಗಿದೆ," ಎಂದಳು ಅಜ್ಜಿ.

ಪ್ಲಿಮತ್ತಿನತ್ತ ಇಬ್ಬರನ್ನೂ ಹೊತ್ತ ಫೆರ್ರಿ ನಡುನದಿಗೆ ಬಂತು. ಲೆನ್ ಕಂಬಿ ಹಿಡಿದು ನೀರು ನೋಡಿದ, ಅವಳನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಈ ಸಲ ಮತದಾನ..."

"ಲೆನ್!"

"ಮುಂದಿನ ಚುನಾವಣೆವರೆಗೆ ನಿನ್ನ ಬಿಟ್ಟಿರೋಕೆ ಆಗಲ್ಲ," ಎಂದ ಅವನು ಒಂದೇ ಉಸಿರಿಗೆ. "ನಾಳೆವರೆಗೂ ಆಗಲ್ಲ. ನನ್ನ ಮದುವೆ ಆಗ್ತೀಯಾ?"

ಟಮ್ಸಿನ್ ಕಣ್ಣು ತುಂಬಿ ಬಂತು.

"ಇದನ್ನ ಹೇಳೋಕೆ ಕ್ಷೇತ್ರನೇ ಒಡೀಬೇಕಾಯ್ತಾ, ದಡ್ಡ?" ಎಂದು ಅವನ ಕೈ ಹಿಡಿದು ರೇಗಿದಳು. ಆಚೆ ದಡ ಬರುವವರೆಗೂ ರೇಗುತ್ತಲೇ ಇದ್ದಳು. ಹಿಡಿದ ಕೈ ಮಾತ್ರ ಬಿಡಲಿಲ್ಲ.