ಜನ ಬಂದರೆ ಸುಮ್ಮನಾಗುವ ಸ್ಪೀಕರ್

ಬಾಗಿಲಲ್ಲಿ ನಿಂತಿದ್ದವನನ್ನು ಯಶಶ್ರೀ ಸ್ಪೀಕರ್ ಕಂಪನಿಯವನೆಂದೇ ತಿಳಿದಳು. ಸರ್ವಿಸ್ ಚಾರ್ಜ್ ಎಷ್ಟಾಗುತ್ತದೆಂದು ನೆಲ ನೋಡುತ್ತಲೇ ಕೇಳಿದಳು.

"ಒಂದು ಲೋಟ ಕಾಫಿ," ಎಂದ ಅವನು ಚಪ್ಪಲಿ ಬಿಡುತ್ತ. "ನಾನು ಎದುರುಮನೆ ಮಹಡಿಯವನು, ಪ್ರಸನ್ನ. ನಿಮ್ಮಜ್ಜಿ ಕರೆದ್ರು."

ಅವನು ಆ ಮನೆಗೆ ಬಂದು ತಿಂಗಳಾಗಿತ್ತು. ಅವಳು ಒಮ್ಮೆಯೂ ಗಮನಿಸಿರಲಿಲ್ಲ. ಎಂ.ಎ. ಮುಗಿಸಿ ಮನೆಯಲ್ಲಿದ್ದ ಯಶಶ್ರೀ ಬೀದಿ ಕಡೆಯ ಕಿಟಕಿಗೆ ಹೋಗುತ್ತಿದ್ದುದೇ ಅಪರೂಪ. ಯಾರಾದರೂ ಬಂದರೆ ಕಾಫಿಯ ನೆಪದಲ್ಲಿ ಒಳಗೆ ಸೇರಿಕೊಳ್ಳುವ ಹುಡುಗಿ.

ನವರಾತ್ರಿ ಶುರುವಾಗಿತ್ತು. ಚಾಮರಾಜಪೇಟೆಯ ಆ ಹಳೇ ಮನೆಯ ಹಾಲ್‌ನಲ್ಲಿ, ಟಿವಿಯ ಮುಂದೆಯೇ, ಅಜ್ಜಿ ಚೂಡಾಮಣಿಯವರು ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸಿದ್ದರು. ಹಬ್ಬ ಮುಗಿಯುವವರೆಗೆ ಟಿವಿಯ ಮುಖ ಯಾರಿಗೂ ಕಾಣುವುದಿಲ್ಲ. ಅದರ ಪಕ್ಕದ ಸ್ಟ್ರೀಮಿಂಗ್ ಬಾಕ್ಸ್‌ನಿಂದ ದೇವರನಾಮ ಮಾತ್ರ ಬೇಕು. ವೈರಿಲ್ಲದ ಎರಡು ಸ್ಪೀಕರ್‌ಗಳು ಬಾಗಿಲ ಅಕ್ಕಪಕ್ಕ ಕೂತಿದ್ದವು. ಮಧ್ಯಾಹ್ನವೆಲ್ಲ ಚೆನ್ನಾಗಿ ಹಾಡುತ್ತಿದ್ದವು. ಸಂಜೆ ಗೊಂಬೆ ನೋಡಲು ಹೆಂಗಸರು ಬಂದು ಅರಿಶಿನ-ಕುಂಕುಮಕ್ಕೆ ಕೂತರೋ, ಹಾಡು ಕಡಿದು ಕಡಿದು ಕೊನೆಗೆ ನಿಂತೇ ಹೋಗುತ್ತಿತ್ತು.

"ಜನ ಬಂದ್ರೆ ಬಾಯಿ ಮುಚ್ಕೊಳ್ಳತ್ತೆ ಕಣಪ್ಪ," ಎಂದರು ಅಜ್ಜಿ ಪ್ರಸನ್ನನಿಗೆ. "ಥೇಟ್ ನಮ್ಮ ಯಶಶ್ರೀ."

ಕಾಫಿ ಹಿಡಿದು ಬರುತ್ತಿದ್ದವಳ ಕಿವಿ ಬಿಸಿಯಾಯಿತು. ಪ್ರಸನ್ನ ನಗಲಿಲ್ಲ. ಲೋಟ ತೆಗೆದುಕೊಳ್ಳುವಾಗ ಒಮ್ಮೆ ಅವಳತ್ತ ನೋಡಿ, ಆ ನೋಟವನ್ನು ಅವಸರವಿಲ್ಲದೆ ಲೋಟಕ್ಕೆ ಇಳಿಸಿದ. ಯಶಶ್ರೀಗೆ ಅಷ್ಟು ಹೊತ್ತಿನಲ್ಲಿ ಒಂದು ಹಾಡೇ ಮುಗಿದಂತೆನಿಸಿತು.

ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಅವನು ಕಾಮರ್ಸ್ ಮೇಷ್ಟ್ರು. ದಸರಾ ರಜೆಯಾದ್ದರಿಂದ ದಿನವೂ ಮಧ್ಯಾಹ್ನ ಬಂದ. ಬಾಕ್ಸ್ ಆಫ್ ಮಾಡಿ ಆನ್ ಮಾಡಿದ. ಸ್ಪೀಕರ್‌ಗಳ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದ. ಅಪ್‌ಡೇಟ್ ಹಾಕಿದ. ಪಕ್ಕದ ಮನೆಯ ವೈಫೈ ಮೇಲೆ ಗುಮಾನಿಪಟ್ಟ. ಹಾಡು ಸರಾಗವಾಗಿ ಬರುತ್ತಿತ್ತು. ಅವನು ಗೆದ್ದವನಂತೆ ಹೋಗುತ್ತಿದ್ದ. ಸಂಜೆಗೆ ಅದೇ ರಾಗ. ಮಾರನೆಯ ದಿನ ಸಪ್ಪೆ ಮುಖ ಹೊತ್ತು ಮತ್ತೆ ಹಾಜರ್. ಫೋನ್ ಹಿಡಿದು ಹಾಡು ಬದಲಿಸುವ ಕೆಲಸ ಅವಳಿಗೆ ಒಪ್ಪಿಸಿದ್ದ. ಮೊದಲು ತಲೆಯಾಡಿಸುತ್ತಿದ್ದವಳು ಆಮೇಲೆ "ಹ್ಞೂಂ" ಎಂದಳು, ಆಮೇಲೆ ಅವನ ವಿದ್ಯಾರ್ಥಿಗಳ ಕತೆಗಳಿಗೆ ನಕ್ಕಳು. ತನ್ನ ನಗು ಹೊರಗೆ ಕೇಳಿಸಿದ್ದಕ್ಕೆ ತಾನೇ ಬೆಚ್ಚಿದಳು.

ದುರ್ಗಾಷ್ಟಮಿಯ ಸಂಜೆ ಹಾಲ್ ತುಂಬಿತ್ತು. ನೆರೆಮನೆಯ ಪಾರ್ವತಮ್ಮನವರು ಮೆಟ್ಟಿಲ ಪಕ್ಕದ ಸಂದಿಯಲ್ಲಿ ಕೂತೊಡನೆ ಹಾಡು ನಿಂತಿತು. ಕುಂಕುಮಕ್ಕೆಂದು ಎದ್ದರು, ಹಾಡು ಬಂತು. ಮತ್ತೊಬ್ಬರು ಅಲ್ಲಿ ಕೂತರು, ಹಾಡು ಹೋಯಿತು. ಯಶಶ್ರೀ ನೋಡಿದಳು. ಎಲ್ಲರೂ ಹೊರಟ ಮೇಲೆ ಪಂಚೆಯ ಅಂಚು ಎತ್ತಿದಳು. ಅಜ್ಜಿಯ ಮೆಟ್ಟಿಲೆಂದರೆ ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಟ್ರಂಕುಗಳು. ಬಾಕ್ಸ್ ಅವುಗಳ ಹಿಂದೆ. ಕಬ್ಬಿಣ ದಾಟಲಾರದ ಸಿಗ್ನಲ್‌ಗೆ ಉಳಿದಿದ್ದು ಆ ಒಂದು ಸಂದಿ; ಅಲ್ಲೂ ಜನ ಕೂತರೆ ಮುಗಿಯಿತು. ಪ್ರಸನ್ನನ ಮನೆಯಲ್ಲಿ ಗೊಂಬೆ ಇಡುವ ಪದ್ಧತಿಯಿಲ್ಲ. ಒಳಗಿರುವುದು ಮರದ ಹಲಗೆ ಎಂದೇ ಅವನು ಅಂದುಕೊಂಡಿದ್ದ.

ಅವಳು ಪಂಚೆಯನ್ನು ಮೆಲ್ಲಗೆ ಕೆಳಗೆ ಬಿಟ್ಟಳು.

ಹೇಳಿದರೆ ಅವನಿಗೆ ಇಲ್ಲಿ ಬರಲು ಕಾರಣವಿರುವುದಿಲ್ಲ. ಹೇಳದಿದ್ದರೂ, ಹಬ್ಬ ಮುಗಿದು ಟ್ರಂಕುಗಳು ಅಟ್ಟಕ್ಕೆ ಹೋದ ದಿನ ಸ್ಪೀಕರ್ ತಾನಾಗಿ ಸರಿಹೋಗುತ್ತದೆ. ಅವನು ಕಾಲೇಜಿಗೆ, ಇವಳು ಒಳಮನೆಗೆ. ಬೀದಿಯ ಆಚೆ-ಈಚೆ ಇದ್ದೂ ಮತ್ತೆ ಪರಿಚಯವಿಲ್ಲದವರಾಗುವುದು ಎಷ್ಟು ಸುಲಭ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ಅವನು ಬಾಕ್ಸ್‌ಗೆಂದು ಹೊಸ ಕೇಬಲ್ ತಂದಿದ್ದ. ಇದೂ ಆಗದಿದ್ದರೆ ಕೈಚೆಲ್ಲುತ್ತೇನೆ ಎಂದ. ಮುಖ ನಿಜಕ್ಕೂ ಸೋತಿತ್ತು. ಅದನ್ನು ನೋಡಲಾಗಲಿಲ್ಲ ಅವಳಿಗೆ.

"ಅದು ಬೇಡ," ಎಂದಳು. ಪಂಚೆ ಎತ್ತಿ ತೋರಿಸಿದಳು.

ಅವನು ಟ್ರಂಕುಗಳನ್ನು ನೋಡಿದ, ಹಣೆ ಚಚ್ಚಿಕೊಂಡ, ಕೂತಲ್ಲೇ ನಕ್ಕ. ಬಾಕ್ಸನ್ನು ಹಿಂದಿನಿಂದ ತೆಗೆದು ಟಿವಿ ಸ್ಟ್ಯಾಂಡಿನ ಹೊರಗೆ, ಕಿಟಕಿ ಕಟ್ಟೆಯ ಮೇಲಿಟ್ಟ. ಆ ಸಂಜೆ ಕಾಲಿಡಲೂ ಜಾಗವಿಲ್ಲದಷ್ಟು ಜನ. ಒಂದು ಪದವೂ ಕಡಿಯಲಿಲ್ಲ. ಅಜ್ಜಿ ಬಂದವರಿಗೆಲ್ಲ ಅವನನ್ನೇ ತೋರಿಸಿ ಹೊಗಳಿದರು. ಕಂಡುಹಿಡಿದದ್ದು ಯಶಶ್ರೀ ಎಂದು ಅವನು ಅಷ್ಟೂ ಜನಕ್ಕೆ ಹೇಳಿದ.

ಅವನು ಹೊರಟಾಗ ಅವಳು ಗೇಟಿನವರೆಗೆ ಬಂದಳು. ಯಾರನ್ನೂ ಅಲ್ಲಿಯವರೆಗೆ ಬಿಡಲು ಬಂದವಳಲ್ಲ.

"ಹಾಗಾದ್ರೆ ನಾಳೆಯಿಂದ ನನಗೆ ಇಲ್ಲಿ ಕೆಲ್ಸ ಇಲ್ಲ," ಎಂದ ಪ್ರಸನ್ನ. ತಮಾಷೆ ಮಾಡಲು ಹೊರಟಿದ್ದ, ದನಿ ಒಪ್ಪಲಿಲ್ಲ.

ಗೇಟಿನ ಚಿಲಕದ ಮೇಲೆ ಅವಳ ಬೆರಳು ಸುಮ್ಮನೆ ಓಡಾಡುತ್ತಿತ್ತು.

"ಕೆಲ್ಸ ಇಲ್ದಿದ್ರೂ ಬನ್ನಿ."

ಅವನು ಅಲುಗಲಿಲ್ಲ. "ಬಂದು ಅಜ್ಜಿಗೆ ಏನಂತ ಹೇಳ್ಲಿ?"

ಯಶಶ್ರೀ ತಲೆಯೆತ್ತಿದಳು. ಇಷ್ಟು ದಿನ ಲೋಟದ ಮರೆಯಲ್ಲಿ, ಫೋನಿನ ಮರೆಯಲ್ಲಿ ಕದ್ದು ನೋಡಿದ್ದ ಕಣ್ಣುಗಳನ್ನು ನೇರವಾಗಿ ನೋಡಿದಳು.

"ನನ್ನ ನೋಡೋಕೆ ಬಂದೆ ಅಂತ ಹೇಳಿ."

ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಮಾಡುವವನು ತಲೆಯಾಡಿಸಿದ, ಅಷ್ಟೆ. ಅವನ ಕಿವಿಗಳು ಕೆಂಪಾಗುವುದನ್ನು ಅವಳು ಸಾವಕಾಶವಾಗಿ, ಒಂದಿಷ್ಟೂ ನಾಚದೆ, ನೋಡುತ್ತ ನಿಂತಳು.